ಕಾಲಿಗೆ ದೋಣಿ ಕಟ್ಟುವ ಮುನ್ನ

ಅಕ್ಕನ ಮಗ ಮೊನ್ನೆ ವ್ಯಾಂಕೂವರ್ ಕಡೆಯಿಂದ ಫೋನ್ ಮಾಡಿದ್ದ. ಗೆಳೆಯನೊಬ್ಬನ ಜೊತೆ ಪಾಲು ಹಾಕಿಕೊಂಡು ಎಪ್ಪತ್ತರ ದಶಕದ ಒಂದು ಸೆಸ್ನಾ 172 ಕೊಂಡಿದ್ದಾನೆ. "ಮಾವ, ಇದಕ್ಕೆ ಫ್ಲೋಟ್ ಹಾಕಿಸ್ಬೇಕು ಅಂತಿದೀವಿ. ಚಕ್ರ ಬಿಚ್ಚಿ ಫ್ಲೋಟ್ ಕೂರಿಸೋದು ತಾನೇ, ಎರಡು ವಾರ ಸಾಕಲ್ವಾ?" ಎಂದ. ನಾನು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರಿವೆಟ್ ಹೊಡೆಯುವುದನ್ನು ಕಲಿತವನು. ಆಮೇಲೆ ಇಪ್ಪತ್ತೆಂಟು ವರ್ಷ ಬ್ರಿಟಿಷ್ ಕೊಲಂಬಿಯಾದ ಕರಾವಳಿಯಲ್ಲಿ ಸೀಪ್ಲೇನ್‌ಗಳ ಹೊಟ್ಟೆಯಡಿ ಮಲಗಿ ಕೆಲಸ ಮಾಡಿದವನು. ಫೋನಿನಲ್ಲಿ ಹೇಳಿದ್ದು ಸ್ವಲ್ಪ. ಅವನಿಗೂ, ಅವನಂತೆ ಕೆನಡಾದಲ್ಲೋ ಅಲಾಸ್ಕಾದಲ್ಲೋ ಸ್ವಂತ ಪುಟ್ಟ ವಿಮಾನ ಇಟ್ಟುಕೊಂಡಿರುವ ನಮ್ಮ ಬೇರೆ ಹುಡುಗರಿಗೂ ಹೇಳಬೇಕಾದ್ದನ್ನು ಇಲ್ಲಿ ಬರೆದಿದ್ದೇನೆ.

• ಮೊದಲು ಒಂದು ವಿಷಯ ಮನಸ್ಸಿಗೆ ತಂದುಕೋ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕ್ಯಾಟಲಿನಾ ಎಂಬ ದೊಡ್ಡ ವಿಮಾನಗಳು ನಮ್ಮ ಬೆಳ್ಳಂದೂರು ಕೆರೆಯ ಮೇಲೆ ಇಳಿದು, ದುರಸ್ತಿಗೆಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬರುತ್ತಿದ್ದವು. ಆ ವಿಮಾನದ ಹೊಟ್ಟೆಯೇ ದೋಣಿ. ಹುಟ್ಟುವಾಗಲೇ ನೀರಿಗೆಂದು ಹುಟ್ಟಿದ್ದು. ನಿನ್ನ ಸೆಸ್ನಾ ಹುಟ್ಟಿದ್ದು ನೆಲಕ್ಕೆ. ಅದರ ಕಾಲಿಗೆ ನೀನು ಎರಡು ದೋಣಿ ಕಟ್ಟುತ್ತೀಯ. ಕಟ್ಟಿದ ಮೇಲೆ ಅದರ ತೂಕ, ವೇಗ, ತಿರುಗುವ ರೀತಿ, ನಿಲ್ಲುವ ರೀತಿ, ಹಾಳಾಗುವ ರೀತಿ ಎಲ್ಲವೂ ಬದಲಾಗುತ್ತವೆ. ಹೊಸ ವಿಮಾನವೊಂದನ್ನು ಮನೆಗೆ ತರುವವನು ಹೇಗೆ ಯೋಚಿಸುತ್ತಾನೋ ಹಾಗೆ ಯೋಚಿಸು.

• ಫ್ಲೋಟಿನ ಅಳತೆಯನ್ನು ಅಂಗಡಿಯವನ ಮಾತಿನ ಮೇಲೆ ಆರಿಸಬೇಡ, ನೀನೇ ಲೆಕ್ಕ ಹಾಕು. ಈ ವಿಮಾನಗಳು ತಯಾರಾದ ಕಾಲದ ನಿಯಮ ಇಷ್ಟು: ಎರಡೂ ಫ್ಲೋಟ್ ಸೇರಿ, ವಿಮಾನದ ಗರಿಷ್ಠ ತೂಕವನ್ನು ಸಿಹಿನೀರಿನಲ್ಲಿ ತೇಲಿಸಲು ಬೇಕಾದ್ದಕ್ಕಿಂತ ಶೇ. 80ರಷ್ಟು ಹೆಚ್ಚು ಹೊರಬಲ್ಲವಾಗಿರಬೇಕು. ಅಂದರೆ ಒಂದೊಂದು ಫ್ಲೋಟೂ ವಿಮಾನದ ತೂಕದ ಶೇ. 90ರಷ್ಟನ್ನು ಒಂಟಿಯಾಗಿ ತೇಲಿಸಬೇಕು. ನಿನ್ನದು 172ಎನ್ ಮಾದರಿಯಾದರೆ ಚಕ್ರದ ಮೇಲೆ 2,300 ಪೌಂಡ್ ಮಿತಿ, ಫ್ಲೋಟಿನ ಮೇಲೆ 2,220 ಪೌಂಡ್. 2,220ರಲ್ಲಿ ಶೇ. 90 ಎಂದರೆ 1,998. ಈ ವಿಮಾನಕ್ಕೆ ಎಡೋ ಕಂಪನಿಯ 2000 ಎಂಬ ಫ್ಲೋಟ್ ಯಾಕೆ ಒಗ್ಗಿತು ಎಂಬುದು ಈಗ ತಿಳಿಯಿತಲ್ಲ. ಹೆಸರಿನಲ್ಲಿರುವ ಆ ಅಂಕಿಯೇ ಒಂದು ಫ್ಲೋಟ್ ಹೊರುವ ಪೌಂಡು. ದೊಡ್ಡದಿದ್ದರೆ ಒಳ್ಳೆಯದಲ್ಲವೇ ಎಂದು ಕೇಳುತ್ತೀಯ. ದೊಡ್ಡ ಫ್ಲೋಟಿಗೆ ಅದರದೇ ತೂಕ, ಅದರದೇ ಗಾಳಿಯ ತಡೆ ಇರುತ್ತದೆ.

• ನಿನ್ನ ವಿಮಾನ ಕಾರ್ಖಾನೆಯಿಂದ ಬರುವಾಗಲೇ ಫ್ಲೋಟ್ ಕಿಟ್ ಹಾಕಿಸಿಕೊಂಡು ಬಂದಿತ್ತೇ? ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಈಗಲಾದರೂ ನೋಡು. ಬಂದಿದ್ದರೆ ಹೊಟ್ಟೆಯಲ್ಲಿ ಫ್ಲೋಟಿನ ಸ್ಟ್ರಟ್‌ಗಳನ್ನು ಹಿಡಿಯುವ ಗಟ್ಟಿ ಫಿಟ್ಟಿಂಗ್‌ಗಳಿರುತ್ತವೆ, ಮುಂದಿನ ಗಾಜಿನ ಹಿಂದೆ ಇಂಗ್ಲಿಷಿನ ವಿ ಅಕ್ಷರದಂತೆ ಅಡ್ಡಗಟ್ಟಿದ ಕೊಳವೆಗಳಿರುತ್ತವೆ, ಒಳಗಿನ ತಗಡಿಗೆ ತುಕ್ಕು ತಡೆಯುವ ಪ್ರೈಮರ್ ಬಳಿದಿರುತ್ತದೆ. ನೀರಿನ ಹೊಡೆತ ರನ್‌ವೇಯ ಹೊಡೆತದಂತಲ್ಲ. ಟೈರಿಲ್ಲ, ಸ್ಪ್ರಿಂಗಿಲ್ಲ. ಒಂದೊಂದು ಅಲೆಯ ಪೆಟ್ಟೂ ಸ್ಟ್ರಟ್‌ಗಳ ಮೂಲಕ ಸೀದಾ ವಿಮಾನದ ಮೈಗೆ ಏರುತ್ತದೆ. ಆ ಕೊಳವೆಗಳು ಇರುವುದು ಅದಕ್ಕೆ. ಇಲ್ಲದಿದ್ದರೆ ಹೊಟ್ಟೆ ಬಿಚ್ಚಿ ಎಲ್ಲವನ್ನೂ ಹೊಸದಾಗಿ ರಿವೆಟ್ ಮಾಡಿಸಬೇಕು. ಆಗ ನೀನು ಹೇಳಿದ ಎರಡು ವಾರದ ಮಾತು ಮರೆತುಬಿಡು. ಎಷ್ಟೋ ಸಲ ಆ ವಿಮಾನ ಮಾರಿ, ಕಿಟ್ ಇರುವ ಇನ್ನೊಂದನ್ನು ಕೊಳ್ಳುವುದೇ ಅಗ್ಗ.

• ಕಾಗದ ಪತ್ರ. ಆ ಮಾದರಿಯ ಫ್ಲೋಟನ್ನು ಆ ಮಾದರಿಯ ವಿಮಾನಕ್ಕೆ ಹಾಕಲು ಅನುಮತಿ ಎಲ್ಲಿ ಬರೆದಿದೆ ಎಂದು ಬೆರಳಿಟ್ಟು ತೋರಿಸಲು ಆಗಬೇಕು. ವಿಮಾನದ ಮೂಲ ಟೈಪ್ ಸರ್ಟಿಫಿಕೇಟಿನಲ್ಲಿರಬೇಕು, ಇಲ್ಲವೇ ಸಪ್ಲಿಮೆಂಟಲ್ ಟೈಪ್ ಸರ್ಟಿಫಿಕೇಟ್ ಇರಬೇಕು. ಅಮೆರಿಕದಲ್ಲಾದರೆ ಫಾರ್ಮ್ 337 ತುಂಬಿ, ಅಧಿಕಾರವಿರುವ ಇನ್‌ಸ್ಪೆಕ್ಟರ್ ಸಹಿ ಹಾಕಬೇಕು. ಕೆನಡಾದಲ್ಲಿ ಪರವಾನಗಿ ಇರುವ ಎಂಜಿನಿಯರ್ ಕೈಯಿಂದಲೇ ಆಗಬೇಕು. ಫ್ಲೈಟ್ ಮ್ಯಾನುವಲ್‌ಗೆ ಸೇರಿಸುವ ಹಾಳೆಗಳು ವಿಮಾನದ ಒಳಗೇ ಇರಲಿ.

• ಹಳೆಯ ಫ್ಲೋಟ್ ಕೊಳ್ಳುವುದಾದರೆ ಹೊಳೆಯುವ ಬಣ್ಣ ನೋಡಿ ಮೋಸಹೋಗಬೇಡ. ಫ್ಲೋಟನ್ನು ಮರದ ಸ್ಟ್ಯಾಂಡಿನ ಮೇಲೆ ಕೂರಿಸಿ, ಒಂದೊಂದೇ ಕೋಣೆಗೆ ಒಂದು ಗೇಣು ನೀರು ಬಿಡಿಸು. ಹೊರಗಿನಿಂದ ಒಳಗೆ ಬರುವ ನೀರು ಕಣ್ಣಿಗೆ ಬೀಳುವುದಿಲ್ಲ, ಒಳಗಿನಿಂದ ಹೊರಗೆ ಬರುವ ನೀರು ತಾನೇ ಹೇಳುತ್ತದೆ. ಮಾರ್ಕರ್ ಪೆನ್ನಿನಿಂದ ತೊಟ್ಟಿಕ್ಕುವ ರಿವೆಟ್‌ಗಳಿಗೆಲ್ಲ ಗುರುತು ಹಾಕುತ್ತಾ ಹೋಗು. ತುಂಬಿಸುವಾಗ ಕೈ ಹಿಡಿತದಲ್ಲಿರಲಿ, ಒಂದು ಲೀಟರ್ ನೀರಿಗೆ ಒಂದು ಕಿಲೋ. ಕಂಠಪೂರ್ತಿ ತುಂಬಿಸಿದರೆ ಸ್ಟ್ಯಾಂಡ್ ಕೂತ ಜಾಗದಲ್ಲೇ ತಳ ತಗ್ಗುತ್ತದೆ. ಆಮೇಲೆ ಕೋಣೆ ಕೋಣೆಯ ನಡುವಿನ ಗೋಡೆಗಳನ್ನು ನೋಡು. ಒಂದು ಫ್ಲೋಟಿಗೆ ಕಡಿಮೆಯೆಂದರೂ ನಾಲ್ಕು ಕೋಣೆ ಇರಬೇಕು, ಯಾವುದೇ ಎರಡಕ್ಕೆ ನೀರು ನುಗ್ಗಿದರೂ ವಿಮಾನ ಮಗುಚಬಾರದು ಎಂಬುದೂ ಆ ಕಾಲದ ನಿಯಮ. ನಡುವಿನ ಗೋಡೆಯ ಅಂಚು ತುಕ್ಕು ತಿಂದು ಸೀಳು ಬಿಟ್ಟಿದ್ದರೆ ನಾಲ್ಕು ಕೋಣೆ ಎನ್ನುವುದು ಬಾಯಿಮಾತು.

ಕೊನೆಗೆ ತಳದ ನಡುವಿನ ಸ್ಟೆಪ್. ಮೆಟ್ಟಿಲಿನಂತೆ ಕಡಿದ ಆ ಅಂಚು ಅಲಂಕಾರಕ್ಕಲ್ಲ. ವಿಮಾನ ಓಡುವಾಗ ತಳವನ್ನು ಹಿಡಿದೆಳೆಯುವ ನೀರಿನ ಹೀರಿಕೆಯನ್ನು ಒಡೆದು, ಮೇಲೇಳಲು ಬಿಡುವುದು ಅದೇ. ಆ ಅಂಚು ಬಂಡೆಗೆ ತಾಗಿ ಉಂಡೆಯಾಗಿದ್ದರೆ, ತಳದ ತಗಡು ಅಲೆಅಲೆಯಾಗಿ ಬಗ್ಗಿದ್ದರೆ ಬೆಲೆ ಕೇಳುವ ಮಾತೇ ಬೇಡ, ಮನೆಗೆ ಬಾ.

• ತೂಗು. ತೂಗದೆ ನೀರಿಗಿಳಿಸಬೇಡ. ಈ ಮಾತನ್ನು ನಾನು ಪೆಟ್ಟು ತಿಂದು ಕಲಿತವನು. ಕೆನಡಾಕ್ಕೆ ಬಂದ ಹೊಸದರಲ್ಲಿ ಒಂದು ಕಾರ್ಯಾಗಾರದಲ್ಲಿ ಹಳೆಯ ಪುಸ್ತಕದ ಅಂಕಿ ತೆಗೆದುಕೊಂಡು, ಚಕ್ರದ ತೂಕ ಕಳೆದು, ಫ್ಲೋಟಿನ ತೂಕ ಕೂಡಿ, ಕಾಗದದ ಮೇಲೆಯೇ ಲೆಕ್ಕ ಮುಗಿಸಿದ್ದೆವು. ಪೈಲಟ್ ಮೂರು ದಿನ ಹಾರಿಸಿ, ಏಳುವುದೇ ಇಲ್ಲ ಎಂದು ವಾಪಸು ತಂದ. ತಕ್ಕಡಿಗೆ ಏರಿಸಿದಾಗ ಲೆಕ್ಕಕ್ಕಿಂತ 64 ಪೌಂಡ್ ಹೆಚ್ಚು. ಫ್ಲೋಟಿಗೆ ವರ್ಷ ವರ್ಷ ಹಾಕಿದ ತೇಪೆಗಳು, ಸೀಲಂಟಿನ ಪದರಗಳು, ಯಾರೋ ಒಳಗೆ ತುಂಬಿಸಿ ಮರೆತ ಫೋಮು ಕುಡಿದ ನೀರು! ಆ ಪೈಲಟ್ ನನಗೆ ಒಂದು ಮಾತೂ ಆಡಲಿಲ್ಲ. ಅವನ ಹೆಂಡತಿ ಮಕ್ಕಳು ಆ ವಾರ ಅದರಲ್ಲಿ ಕೂರುವವರಿದ್ದರು ಎಂಬುದು ಆಮೇಲೆ ತಿಳಿಯಿತು. ಅಂದಿನಿಂದ ತಕ್ಕಡಿ ಕಾಣದ ಯಾವ ವಿಮಾನಕ್ಕೂ ನಾನು ಸಹಿ ಹಾಕಲಿಲ್ಲ.

ಈಗ ನಿನ್ನದಕ್ಕೆ ಬರೋಣ. ಫ್ಲೋಟ್ ಹಾಕಿದ 172 ಒಂದನ್ನು ನಾನು ತೂಗಿದಾಗ ಖಾಲಿ ತೂಕ 1,650 ಪೌಂಡ್ ಬಂದಿತ್ತು. 2,220ರಲ್ಲಿ ಅದನ್ನು ಕಳೆ, ಉಳಿಯುವುದು 570. ಟ್ಯಾಂಕ್ ತುಂಬಿದರೆ 40 ಗ್ಯಾಲನ್, 240 ಪೌಂಡ್. ಉಳಿಯಿತು 330, ಎಂದರೆ 150 ಕಿಲೋ. ಹಗ್ಗ, ಲಂಗರು, ಹುಟ್ಟು, ಪಂಪು, ತುರ್ತು ಪೆಟ್ಟಿಗೆ ತೆಗೆದರೆ ಇಬ್ಬರು ಹಗುರದ ಮನುಷ್ಯರು, ಅಷ್ಟೇ. ಸೀಟು ನಾಲ್ಕಿವೆ, ಹೊರುವ ಶಕ್ತಿ ಎರಡಕ್ಕಿದೆ. ಹಿಂದಿನ ಸೀಟನ್ನು ಬಿಚ್ಚಿ ಮನೆಯಲ್ಲಿಡು. ಸೀಟು ಕಂಡರೆ ಯಾರನ್ನಾದರೂ ಕೂರಿಸುವ ಆಸೆ ಬರುತ್ತದೆ, ನಮ್ಮವರಂತೂ ಬಂದ ನೆಂಟರಿಗೆ ಇಲ್ಲ ಎನ್ನಲಾರರು.

• ಕೂರಿಸುವಾಗ ಕಣ್ಣಳತೆ ನಂಬಬೇಡ. ಸ್ಟೆಪ್ ಇರಬೇಕಾದ್ದು ವಿಮಾನದ ಭಾರಕೇಂದ್ರಕ್ಕಿಂತ ತುಸು ಹಿಂದೆ. ರೆಕ್ಕೆಗೂ ಫ್ಲೋಟಿನ ಮೇಲ್ಮೈಗೂ ನಡುವಿನ ಕೋನವನ್ನು ನಕ್ಷೆಯಲ್ಲಿ ಕೊಟ್ಟಿರುತ್ತಾರೆ. ಅದು ತಪ್ಪಿದರೆ ನೀರಿನ ಮೇಲೆ ಮೂಗು ಹುಗಿಯುತ್ತದೆ, ಇಲ್ಲವೇ ಗಾಳಿಯಲ್ಲಿ ಹಲಗೆ ಎಳೆದುಕೊಂಡು ಹೋದಂತಾಗುತ್ತದೆ. ಬಾಲದ ನಡುಬಿಂದುವಿನಿಂದ ಎಡ ಫ್ಲೋಟಿನ ಮೂತಿಗೆ, ಬಲ ಫ್ಲೋಟಿನ ಮೂತಿಗೆ ಟೇಪು ಹಿಡಿ, ಎರಡೂ ಸಮನಿರಬೇಕು. ಎರಡು ಫ್ಲೋಟುಗಳ ನಡುವೆ ಮೂಲೆಯಿಂದ ಮೂಲೆಗೂ ಹಾಗೆಯೇ. ಮಂಚ ಮಾಡುವ ಬಡಗಿ ಕರ್ಣ ಅಳೆಯುವುದನ್ನು ನೀನು ಊರಿನಲ್ಲಿ ನೋಡಿದ್ದೀಯಲ್ಲ, ಇದೂ ಅದೇ ಕೆಲಸ. ಸ್ಟ್ರಟ್‌ಗಳ ನಡುವೆ ಬಿಗಿದ ತಂತಿಗಳನ್ನು ಮೊದಲ ಐದು ಗಂಟೆ ಹಾರಾಟದ ನಂತರ ಮತ್ತೆ ನೋಡು, ಅವು ಹಿಗ್ಗಿ ಸಡಿಲಾಗಿರುತ್ತವೆ.

• ಪ್ರೊಪೆಲ್ಲರ್ ಬದಲಿಸು. ನೆಲದ 172ಎನ್‌ಗೆ 75 ಇಂಚಿನದು, ನೀರಿನದಕ್ಕೆ 80 ಇಂಚಿನದು, ಅಲಗಿನ ಓರೆ ಕಡಿಮೆ. ಲಾರಿಯನ್ನು ಘಾಟಿ ಹತ್ತಿಸುವಾಗ ಚಿಕ್ಕ ಗೇರಿಗೆ ಇಳಿಸಿದಂತೆ. ನೀರಿನ ಹಿಡಿತ ಬಿಡಿಸಿಕೊಳ್ಳಲು ಎಳೆತ ಬೇಕು, ಅದಕ್ಕೆ ವೇಗ ಬಿಟ್ಟುಕೊಡಬೇಕು. 120 ನಾಟ್ ಹತ್ತಿರ ಹೋಗುತ್ತಿದ್ದದ್ದು 95ರ ಆಸುಪಾಸಿಗೆ ಇಳಿಯುತ್ತದೆ. ಇಂಧನದ ಲೆಕ್ಕವನ್ನು ಹೊಸದಾಗಿ ಬರೆದುಕೋ. ನೀರಿನ ಹನಿ ಅಲಗಿನ ಅಂಚನ್ನು ಮರಳಿನಂತೆ ಸವೆಸುತ್ತದೆ. ಹಾಗಾಗಿ ಅಲೆಯಲ್ಲಿ ನಿಂತು ಎಂಜಿನ್ ಜೋರು ಮಾಡಬೇಡ.

• ಫ್ಲೋಟಿನ ಮೂತಿ ಮುಂದಕ್ಕೆ ಚಾಚಿರುವುದರಿಂದ ಗಾಳಿ ಮುಂಭಾಗವನ್ನು ಪಕ್ಕಕ್ಕೆ ದೂಡುತ್ತದೆ. ಕೆಲವು ವಿಮಾನಗಳಿಗೆ ಬಾಲದ ಕೆಳಗೆ ಒಂದು ರೆಕ್ಕೆಯ ಚೂರು ಸೇರಿಸುತ್ತಾರೆ, ಕೆಲವಕ್ಕೆ ಅಡ್ಡಬಾಲದ ಮೇಲೆ ಎರಡು, ಕೆಲವಕ್ಕೆ ರಡ್ಡರ್ ಮತ್ತು ಏಲರಾನ್ ನಡುವೆ ಸ್ಪ್ರಿಂಗ್. ಅನುಮತಿ ಪತ್ರದಲ್ಲಿ ಬರೆದಿದ್ದರೆ ಅದನ್ನು ಬಿಡುವಂತಿಲ್ಲ.

• ನೀರಿನ ರಡ್ಡರ್ ನಿಧಾನವಾಗಿ ತೇಲಿ ಸಾಗುವಾಗ ಮಾತ್ರ ಕೆಳಗೆ. ಏರುವಾಗಲೂ ಇಳಿಯುವಾಗಲೂ ಮೇಲೆ. ಹಿಡಿಕೆಯ ಪಕ್ಕ ದೊಡ್ಡ ಅಕ್ಷರದಲ್ಲಿ ಬರೆಸು.

• ಬ್ರೇಕ್ ಇಲ್ಲ. ಎಂಜಿನ್ ಹಚ್ಚಿದ ಕ್ಷಣದಿಂದ ವಿಮಾನ ನಡೆಯುತ್ತಿರುತ್ತದೆ.

• ಉಪ್ಪುನೀರು. ನಾನು ಕೆಲಸ ಮಾಡಿದ ಕರಾವಳಿಯಲ್ಲಿ ವಿಮಾನಗಳನ್ನು ಅಪಘಾತಕ್ಕಿಂತ ಹೆಚ್ಚಾಗಿ ಕೊಂದದ್ದು ಉಪ್ಪು. ಅಲ್ಯೂಮಿನಿಯಂ ತಗಡಿಗೆ ಸ್ಟೀಲಿನ ಬೋಲ್ಟ್ ತಾಗಿ, ನಡುವೆ ಉಪ್ಪುನೀರು ಕೂತರೆ ಸಾಕು, ತಗಡು ಬಿಳಿಯ ಪುಡಿಯಾಗುತ್ತಾ ಹೋಗುತ್ತದೆ. ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ಒಳಗೆ ಅರ್ಧ ತಿಂದಾಗಿರುತ್ತದೆ. ಬಿಡಿಭಾಗ ಜೋಡಿಸುವಾಗಲೇ ಪ್ರತಿ ಬೋಲ್ಟನ್ನೂ ಸೀಲಂಟಿನಲ್ಲಿ ಅದ್ದಿ ಹಾಕಿಸು, ತಗಡಿನ ಒಳಮೈಗೆಲ್ಲ ಎಸಿಎಫ್-50 ಥರದ ಎಣ್ಣೆ ಸಿಂಪಡಿಸು, ಕಂಟ್ರೋಲ್ ಕೇಬಲ್‌ಗಳನ್ನು ಸ್ಟೇನ್‌ಲೆಸ್‌ನದಕ್ಕೆ ಬದಲಿಸು. ಪ್ರತಿದಿನ ಸಂಜೆ ಸಿಹಿನೀರಿನ ಸ್ನಾನ: ಫ್ಲೋಟಿಗೆ, ಹೊಟ್ಟೆಗೆ, ಬಾಲದ ಕೆಳಗಿನ ಹಿಂಜುಗಳಿಗೆ, ಪ್ರೊಪೆಲ್ಲರಿಗೆ. ಮೇಲೆ ತೊಳೆದು ಕೋಣೆಯ ಒಳಗಿನ ಉಪ್ಪನ್ನು ಬಿಟ್ಟರೆ ಪ್ರಯೋಜನವಿಲ್ಲ. ಅಲ್ಲಿಯ ಅನುಭವಿ ಪೈಲಟ್‌ಗಳು ಸಮುದ್ರದಿಂದ ಮರಳುವಾಗ ಹ್ಯಾರಿಸನ್ ಸರೋವರದಂಥ ಸಿಹಿನೀರಿನಲ್ಲಿ ಒಮ್ಮೆ ಇಳಿದೆದ್ದು ಬರುತ್ತಾರೆ. ಒಳ್ಳೆಯ ರೂಢಿ, ಆದರೆ ಪೈಪು ಹಿಡಿಯುವ ಕೆಲಸ ಅದರಿಂದ ತಪ್ಪುವುದಿಲ್ಲ. ನಿನ್ನ ಕೈಯಲ್ಲಿದ್ದರೆ ಸಿಹಿನೀರಿನಲ್ಲೇ ನೆಲೆ ಹುಡುಕು.

• ಪಂಪು. ಪ್ರತಿ ಹಾರಾಟದ ಮೊದಲು, ಪ್ರತಿ ಕೋಣೆಗೂ. ಡೆಕ್ಕಿನ ಮೇಲಿನ ರಬ್ಬರ್ ಚೆಂಡು ತೆಗೆದು ಪಂಪು ಇಟ್ಟು ಎಳೆ, ಎಷ್ಟು ಎಳೆತಕ್ಕೆ ನೀರು ನಿಂತಿತು ಎಂದು ಎಣಿಸು, ಪುಸ್ತಕದಲ್ಲಿ ಬರೆ. ಎಲ್ಲ ಫ್ಲೋಟೂ ಸ್ವಲ್ಪ ಸೋರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ಅಂಕಿ ಏರಿದಾಗ. ಎಡಗಡೆ ಮೂರನೆಯ ಕೋಣೆ ದಿನಾ ನಾಲ್ಕು ಎಳೆತ ಕೊಡುತ್ತಿದ್ದದ್ದು ಇವತ್ತು ಇಪ್ಪತ್ತು ಕೊಟ್ಟರೆ ನಿನ್ನೆ ನೀನು ಯಾವುದಕ್ಕೋ ತಾಗಿಸಿದ್ದೀಯ ಎಂದರ್ಥ. ಒಂದೂ ಹನಿ ಬಾರದಿದ್ದರೆ ಅದನ್ನೂ ಅನುಮಾನಿಸು. ಪಂಪಿನ ಕೊಳವೆ ಒಳಗೆ ಬಿರುಕು ಬಿಟ್ಟು ಬರೀ ಗಾಳಿ ಎಳೆಯುತ್ತಿರಬಹುದು. ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡು. ಹಿಂದಿನ ಕೋಣೆಯಲ್ಲಿ ಉಳಿದ ನೀರು ಅತಿ ಅಪಾಯದ್ದು, ಮೂತಿ ಎತ್ತಿದೊಡನೆ ಅದು ಹಿಂದಕ್ಕೆ ಓಡಿ ಬಾಲವನ್ನು ಜಗ್ಗುತ್ತದೆ. ಮಳೆಯಲ್ಲಿ ಬೆಳಗಿನ ಆರು ಗಂಟೆಗೆ ಫ್ಲೋಟಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಎಣಿಸುವುದು ಬೇಸರದ ಕೆಲಸ. ಮಾಡು.

• ನೀರಿಗೂ ನೆಲಕ್ಕೂ ಆಗುವ, ಚಕ್ರ ಮಡಚುವ ಆಂಫಿಬಿಯನ್ ಫ್ಲೋಟ್ ಹಾಕಿಸಲೇ ಎಂದು ನಿನ್ನ ಗೆಳೆಯ ಕೇಳಿದನಂತೆ. ಬೇಡ. ದುಡ್ಡಿನ ಮಾತು ಆಮೇಲೆ. ನಿನ್ನ 172ರಲ್ಲಿ ಉಳಿದಿರುವುದೇ ಇಬ್ಬರ ತೂಕ, ಚಕ್ರದ ಯಂತ್ರ ಅದರಲ್ಲಿ ಒಬ್ಬನನ್ನು ತಿನ್ನುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಚಕ್ರ ಮೇಲಿಟ್ಟು ರನ್‌ವೇ ಮೇಲೆ ಇಳಿದರೆ ತಳ ಉಜ್ಜಿ ನಿಲ್ಲುತ್ತದೆ, ನಾಚಿಕೆಯಾಗುತ್ತದೆ, ಅಷ್ಟೆ. ಚಕ್ರ ಕೆಳಗಿಟ್ಟು ನೀರಿನ ಮೇಲೆ ಇಳಿದರೆ ವಿಮಾನ ಮುಗ್ಗರಿಸಿ ಮಗುಚುತ್ತದೆ. ಯಾರದಾದರೂ ಆಂಫಿಬಿಯನ್ ಹಾರಿಸುವ ದಿನ ಬಂದರೆ, ಇಳಿಯುವ ಮೊದಲು ಪ್ರತಿ ಸಲ ಬಾಯಿಬಿಟ್ಟು ಹೇಳು: "ಇದು ನೀರು, ಚಕ್ರ ಮೇಲಿದೆ." ಒಬ್ಬನೇ ಇದ್ದರೂ ಗಟ್ಟಿಯಾಗಿ ಹೇಳು, ಪಕ್ಕದಲ್ಲಿ ಯಾರಿದ್ದಾರೆ ಎಂಬ ಸಂಕೋಚ ಬೇಡ.

• ಬಾಗಿಲು. 2009ರ ನವೆಂಬರ್ 29ರಂದು ಸ್ಯಾಟರ್ನಾ ದ್ವೀಪದ ಲಯಲ್ ಹಾರ್ಬರಿನಲ್ಲಿ ಒಂದು ಬೀವರ್ ವಿಮಾನ ಏರಿದ ಸ್ವಲ್ಪ ಹೊತ್ತಿಗೇ ನೀರಿಗೆ ಬಿತ್ತು. ಒಳಗೆ ಎಂಟು ಜನ. ಪೈಲಟ್ ಮತ್ತು ಒಬ್ಬ ಪ್ರಯಾಣಿಕರು ಹೊರಬಂದರು, ಆರು ಜನ ಹೊರಬರಲಾಗದೆ ಮುಳುಗಿದರು. ತನಿಖೆ ಮಾಡಿದ ಕೆನಡಾದ ಮಂಡಳಿ ಎರಡು ಮಾತು ಹೇಳಿತು: ಅಪಘಾತದಲ್ಲಿ ಬೇಗ ತೆರೆಯುವ ಬಾಗಿಲು ಕಿಟಕಿ ಇರಬೇಕು, ತೇಲುಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ ಇರಬೇಕು. ಆ ದಿನಗಳಲ್ಲಿ ನಮ್ಮ ಷೆಡ್ಡಿನಲ್ಲಿ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಎಲ್ಲರೂ ಬಾಗಿಲಿನ ಹಿಡಿಗಳನ್ನು ಮತ್ತೆ ಮತ್ತೆ ತೆಗೆದು ಹಾಕಿ ನೋಡುತ್ತಿದ್ದೆವು. ಫ್ಲೋಟ್ ಹಾಕಿಸುವಾಗಲೇ ನಿನ್ನ ವಿಮಾನದ ಬಾಗಿಲು, ಹಿಡಿ, ಕಿಟಕಿ ಮೂರನ್ನೂ ಸರಿ ಮಾಡಿಸು. ಕೂರುವ ಪ್ರತಿಯೊಬ್ಬರಿಗೂ ಕಣ್ಣು ಮುಚ್ಚಿಸಿ ಬಾಗಿಲು ತೆಗೆಸು. ಮಗುಚಿದ ವಿಮಾನದಲ್ಲಿ ಎಡ ಬಲ ತಿಳಿಯುವುದಿಲ್ಲ. ಆದ್ದರಿಂದ ಒಂದು ಕೈ ಬಾಗಿಲ ಚೌಕಟ್ಟನ್ನು ಹಿಡಿದಿರಬೇಕು, ಆಮೇಲೆ ಬೆಲ್ಟ್ ಬಿಚ್ಚಬೇಕು. ಜಾಕೆಟ್ ಉಬ್ಬಿಸುವುದು ಹೊರಗೆ ಬಂದ ಮೇಲೆ. ಒಳಗೇ ಉಬ್ಬಿಸಿದರೆ ಅದು ನಿನ್ನನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆ, ಬಾಗಿಲಿಗೆ ಇಳಿಯಲು ಬಿಡುವುದಿಲ್ಲ. ಈಜುಕೊಳದಲ್ಲಿ ತಲೆಕೆಳಗಾಗಿ ಮುಳುಗಿಸಿ ಹೊರಬರುವುದನ್ನು ಕಲಿಸುವ ತರಬೇತಿ ನೀನಿರುವ ಕಡೆಯೇ ಸಿಗುತ್ತದೆ. ಫ್ಲೋಟಿಗೆ ಖರ್ಚು ಮಾಡುವ ದುಡ್ಡಿನ ಮುಂದೆ ಅದು ಏನೂ ಅಲ್ಲ. ನೀನೂ ಹೋಗು, ಹೆಂಡತಿಯನ್ನೂ ಕಳಿಸು.

• ಕೆನಡಾದಲ್ಲಿ ಸೀಪ್ಲೇನ್ ರೇಟಿಂಗಿಗೆ ಕನಿಷ್ಠ 7 ಗಂಟೆ ತರಬೇತಿ, ಅದರಲ್ಲಿ 5 ಗಂಟೆ ಗುರುವಿನ ಜೊತೆ. ಅಷ್ಟಕ್ಕೆ ನಿಲ್ಲಿಸಬೇಡ. ಅಲೆಯಿರುವ ನೀರಿಗಿಂತ ಕನ್ನಡಿಯಂಥ ನೀರು ಹೆಚ್ಚು ಅಪಾಯ ಎಂಬುದು ನಂಬಲು ಕಷ್ಟ. ಅಲುಗದ ನೀರಿನಲ್ಲಿ ಆಕಾಶವೇ ಕಾಣುತ್ತದೆ, ನೀರು ಎಷ್ಟು ಕೆಳಗಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಆಗ ದಡದ ಪಕ್ಕದಲ್ಲೇ ಬಂದು, ಮೂತಿಯನ್ನು ಒಂದೇ ಕೋನದಲ್ಲಿಟ್ಟು, ಎಂಜಿನ್ ಸ್ವಲ್ಪ ಬಿಟ್ಟು, ನಿಮಿಷಕ್ಕೆ 150 ಅಡಿಯಂತೆ ಇಳಿಯುತ್ತಾ, ನೀರು ತಾನಾಗಿ ತಾಗುವವರೆಗೂ ಕಾಯಬೇಕು. ಕಾಯಲು ಕಲಿಯುವುದಕ್ಕೆ ಗಂಟೆಗಳು ಬೇಕು. ವಿಮಾನ ನೀರಿನ ಮೇಲೆ ಮೀನಿನಂತೆ ಕುಪ್ಪಳಿಸಲು ಶುರುಮಾಡಿದರೆ ಏನು ಮಾಡಬೇಕು ಎಂಬುದನ್ನೂ ಗುರುವಿನ ಜೊತೆಯಲ್ಲೇ ಅನುಭವಿಸಿ ಬಾ.

• ದಕ್ಕೆಗೆ ಬಂದಾಗ ಫ್ಲೋಟಿನ ಮೇಲೆ ಇಳಿದವನು ಹಿಂದಕ್ಕೇ ನಡೆಯಬೇಕು, ಮುಂದಕ್ಕೆ ಎಂದೂ ಅಲ್ಲ. ಎಂಜಿನ್ ನಿಂತಿದ್ದರೂ ಅಲ್ಲ. ಪ್ರೊಪೆಲ್ಲರ್ ಅಲ್ಲೇ, ಮೊಳದ ದೂರದಲ್ಲಿದೆ. ಮಕ್ಕಳು ನೋಡಲು ಓಡಿಬರುತ್ತಾರೆ, ಮೊದಲೇ ಒಬ್ಬ ದೊಡ್ಡವರನ್ನು ದಡದಲ್ಲಿ ನಿಲ್ಲಿಸು.

• ನೀರು ಹೆಪ್ಪುಗಟ್ಟುವ ಮೊದಲು ಫ್ಲೋಟ್ ಬಿಚ್ಚು. ಕೋಣೆಯಲ್ಲಿ ಉಳಿದ ನೀರು ಮಂಜುಗಡ್ಡೆಯಾದರೆ ಹೊಲಿಗೆ ಬಿಡಿಸಿಬಿಡುತ್ತದೆ. ಒಣಗಿಸಿ, ಮುಚ್ಚಳಗಳನ್ನು ತೆರೆದಿಟ್ಟು, ಬೋರಲಾಗಿ ಇಡು.

ವಸಂತದಲ್ಲಿ ಮತ್ತೆ ಹಾಕಿದ ದಿನ, ಇಂಧನ ಅರ್ಧ ಮಾತ್ರ ತುಂಬಿ, ಒಬ್ಬನೇ, ಗುರುವನ್ನು ದಡದಲ್ಲಿ ನಿಲ್ಲಿಸಿಕೊಂಡು ನೀರಿನ ಮೇಲೆ ಒಂದು ಗಂಟೆ ಬರೀ ಓಡಾಡಿಸು. ಹಾರಬೇಡ. ದಕ್ಕೆಗೆ ಕಟ್ಟಿ, ಚಹಾ ಕುಡಿದು ಬಂದು, ಎಲ್ಲ ಕೋಣೆಗಳನ್ನೂ ಪಂಪು ಮಾಡಿ ನೋಡು. ಅಂದು ರಾತ್ರಿ ನನಗೆ ವಿಮಾನದ ಫೋಟೋ ಕಳಿಸದಿದ್ದರೂ ಪರವಾಗಿಲ್ಲ, ಎಡಗಡೆ ಯಾವ ಕೋಣೆಗೆ ಎಷ್ಟು ಎಳೆತ, ಬಲಗಡೆ ಯಾವುದಕ್ಕೆ ಎಷ್ಟು ಎಂದು ಬರೆದು ಕಳಿಸು.